ಕೆನ್ನೆಯ ಗುಳಿ ಮುಚ್ಚಿಸಿದವಳು

ಸವಿತಾ, ಗೋಡೆಯ ಮೇಲಿರುವ ನಿನ್ನ ಅವ್ವನ ಪಟ ಸುಳ್ಳು. ಸುಳ್ಳು ಮಾಡಿಸಿದವಳು ನಾನು, ನಿನ್ನ ದೊಡ್ಡವ್ವ.

ನಿನ್ನ ಅವ್ವ ನನ್ನ ಓರಗಿತ್ತಿ. ನಕ್ಕರೆ ಎಡಗೆನ್ನೆಯಲ್ಲಿ ಗುಳಿ ಬೀಳುತ್ತಿತ್ತು. ಕಿರಂಗೂರಿನ ನಮ್ಮ ಮನೆಗೆ ಬಂದವರೆಲ್ಲ ಅದನ್ನೇ ನೋಡುತ್ತಿದ್ದರು. ನಮ್ಮತ್ತೆಯಂತೂ ನನ್ನೆದುರಿಗೇ, "ಚಿಕ್ಕೋಳು ನಕ್ರೆ ಮನೆ ಬೆಳಗ್ತದೆ. ಈ ದೊಡ್ಡೋಳ್ ಮೊಕ ನೋಡು, ಸುಟ್ಟ ಬದ್ನೆಕಾಯಿ!" ಅನ್ನುತ್ತಿದ್ದಳು. ಹಿಟ್ಟು ತೊಳಸುವವಳು ನಾನು, ಹಾಲು ಕರೆಯುವವಳು ನಾನು — ಹೆಸರು ಮಾತ್ರ ಆ ಗುಳಿಗೆ. ಹೊಟ್ಟೆ ಉರಿಯುತ್ತಿತ್ತು. ಅವಳು ಸತ್ತ ಮೇಲೂ ಆರಲಿಲ್ಲ.

ನಿನಗಾಗ ಅವಳ ಮುಖ ನೆನಪಿಡುವ ವಯಸ್ಸಲ್ಲ. ಇದ್ದದ್ದು ಒಂದೇ ಫೋಟೋ. ನಿನ್ನ ಅಪ್ಪ ಜೇಬಿನಲ್ಲಿ ಮಡಚಿಟ್ಟುಕೊಂಡು ಮುಖದ ಮೇಲೆಲ್ಲ ಗೆರೆ ಬಿದ್ದಿತ್ತು. ಪಿತೃಪಕ್ಷಕ್ಕೆ ಎಡೆ ಇಡಲು ದೊಡ್ಡ ಪಟ ಬೇಕೆಂದು ಅದನ್ನು ಶ್ರೀರಂಗಪಟ್ಟಣದ ಸ್ಟುಡಿಯೋಗೆ ಒಯ್ದೆ. ಆಗಿನ್ನೂ ಎರಡು ಸಾವಿರನೇ ಇಸವಿ ಬಂದಿರಲಿಲ್ಲ. ಅಲ್ಲಿ ಕಂಪ್ಯೂಟರ್ ಹೊಸದು. ಸ್ಟುಡಿಯೋದವನು ಪರದೆಯ ಮೇಲೆ ಅವಳ ಮುಖ ತಂದು, ಒಳ್ಳೆಯ ಕಡೆಯ ಚರ್ಮ ತೆಗೆದು ಗೆರೆಗಳ ಮೇಲೆ ಮೆತ್ತುತ್ತಾ ಬಂದ — ಗೋಡೆಯ ಬಿರುಕಿಗೆ ಮಣ್ಣು ಮೆತ್ತಿದ ಹಾಗೆ. ಎಡಗೆನ್ನೆಯ ಹತ್ತಿರ ಕೈ ನಿಲ್ಲಿಸಿದ.

"ಇದು ಗುಳಿ ಅಲ್ವೇನಮ್ಮ?"

"ಅದೂ ಮಡಚಿದ್ ಗೆರೇನೇ ಕಣಪ್ಪ. ಮುಚ್ಬುಡು."

ಮುಚ್ಚಿದ. ನನಗೆ — ಹೇಳಿಯೇ ಬಿಡುತ್ತೇನೆ — ಖುಷಿಯಾಯಿತು. ಮನೆಗೆ ಬಂದು ಹಳೆಯ ಫೋಟೋವನ್ನು ಬಚ್ಚಲೊಲೆಗೆ ಹಾಕಿದೆ.

"ಇದು ಅವ್ಳಂಗಿಲ್ವಲ್ಲ ಅತ್ಗೆ" ಅಂದ ನಿನ್ನ ಅಪ್ಪ.

"ಕಂಪ್ಯೂಟ್ರು ಅಂಗೇ ಮಾಡಾದು" ಅಂದೆ. ಆಮೇಲೆ ಅವನು ಇನ್ನೊಂದು ಮದುವೆಯಾಗಿ ಬೂಕನಕೆರೆಗೆ ಹೋದ; ನೀನು ನನ್ನ ಹತ್ತಿರ ಉಳಿದೆ.

ಸ್ಕೂಲಿಗೆ ಹೋಗುವ ವಯಸ್ಸಿನಲ್ಲಿ ಒಂದು ದಿನ ನೀನು ಪಟ ನೋಡಿ, ಕನ್ನಡಿ ನೋಡಿ ಕೇಳಿದೆ: "ಅವ್ವಂಗಿಲ್ಲ, ನನ್ಗ್ಯಾಕೆ ಈ ಗುಳಿ?" ನಿನ್ನ ಕೆನ್ನೆಯಲ್ಲಿ ಅವಳೇ ನಗುತ್ತಿದ್ದಳು. ಅದನ್ನೂ ನನ್ನಿಂದ ಸಹಿಸಲಾಗಲಿಲ್ಲ. "ಚಿಕ್ಕೋಳಿದ್ದಾಗ ಜಗಲಿಯಿಂದ ಬಿದ್ದಿದ್ದೆ ಕಣೆ, ಗಾಯದ್ ಗುರ್ತು" ಅಂದೆ. ಅಲ್ಲ ಅನ್ನಲು ನಮ್ಮತ್ತೆ ಆಗ ಬದುಕಿರಲಿಲ್ಲ. ಅವತ್ತಿನಿಂದ ನೀನು ಕೆನ್ನೆಗೆ ಕೈ ಅಡ್ಡ ಇಟ್ಟೇ ನಗುತ್ತೀಯ. ನಿನ್ನ ಮದುವೆಯ ಫೋಟೋದಲ್ಲೂ...

ಮೊನ್ನೆ ನಿನ್ನ ಮಗಳು ತೊಟ್ಟಿಲಲ್ಲಿ ನಕ್ಕಳು. ಬಗ್ಗಿ ಅವಳ ಕೆನ್ನೆ ನೋಡಿದ ನೀನು ನನ್ನ ಕಡೆ ತಿರುಗಿದೆ.

"ಇವ್ಳು ಯಾವಾಗ ಬಿದ್ಲು, ದೊಡ್ಡವ್ವ?"

ನಾನು ಎದ್ದು ಹಿತ್ತಲಿಗೆ ಹೋದೆ. ಎದುರು ನಿಂತು ಹೇಳಲು ಬಾಯಿ ಬರಲಿಲ್ಲ, ಬರೆಯುತ್ತಿದ್ದೇನೆ.

ಅವಳು ಬಿದ್ದಿಲ್ಲ. ನೀನೂ ಬಿದ್ದಿರಲಿಲ್ಲ.