ಗೋಣಿಚೀಲ ಹಿಂಡಿದ ನೀರು

ನನ್ನ ಹಳೆಯ ಪಿಕಪ್ ಗಾಡಿಯ ಎಂಜಿನ್ ಬಿಚ್ಚಿ, ಸವೆದ ಸಿಲಿಂಡರ್ ಕೊರೆಸಿ, ದೊಡ್ಡ ಪಿಸ್ಟನ್ ಹಾಕಿಸಿದ್ದು ಅರವತ್ತರ ದಶಕದ ಒಂದು ಬೇಸಿಗೆಯಲ್ಲಿ. ಕೆಲಸ ಮಾಡಿದ ಸವಣೂರಿನ ಮಿಸ್ತ್ರಿ, “ಪಿಸ್ಟನ್ ಇನ್ನೂ ಬಿಗಿ ಐತ್ರಿ. ಸ್ವಲ್ಪ ದಿನ ಸಾವಕಾಶ ಓಡಸ್ರಿ. ಕಾದರ ಜಾಮ್ ಆಗಿಬಿಡತೈತಿ,” ಎಂದಿದ್ದ. ನಾನು ಸಾಗಿಸುತ್ತಿದ್ದದ್ದು ವೀಳ್ಯದೆಲೆ. ಜೋರಾಗಿ ಹೋದರೆ ಎಂಜಿನ್ ಕೆಡುತ್ತದೆ, ನಿಧಾನ ಹೋದರೆ ಎಲೆ ಬಾಡುತ್ತದೆ. ಯಾವುದಕ್ಕೆಂದು ಹೆದರಲಿ?

ಹಿರೇಕೆರೂರು ಸಂತೆಗೆ ಹೊರಟಾಗ ಮಿಸ್ತ್ರಿಯೂ ಪಕ್ಕದಲ್ಲಿ ಕುಳಿತ. ನಾನು ಸ್ವಲ್ಪ ವೇಗ ಹೆಚ್ಚಿಸಿದರೂ ಕೆಮ್ಮುತ್ತಿದ್ದ. ಆ ಕೆಮ್ಮಿಗೆ ಸಿಟ್ಟು ಬರುತ್ತಿತ್ತು. ಎಂಜಿನ್ನಿನ ಒಂದೊಂದು ಸಪ್ಪಳಕ್ಕೂ ಕಿವಿಗೊಡುತ್ತಿದ್ದೆ. ಅಕ್ಕಿಆಲೂರು ದಾಟುತ್ತಲೇ ರೇಡಿಯೇಟರ್ ಕುದಿಯಿತು. ಡಬ್ಬಿಯ ನೀರು ಮುಗಿದಿತ್ತು, ಹಳ್ಳ ಒಣಗಿತ್ತು. ಮಿಸ್ತ್ರಿ ನನ್ನನ್ನು ಕೇಳಲೂ ಇಲ್ಲ. ಎಲೆಯ ಪೆಂಡಿಗಳ ಮೇಲೆ ಹೊದಿಸಿದ್ದ ಹಸಿ ಗೋಣಿಚೀಲಗಳನ್ನು ಎಳೆದು, ಹಿಂಡಿ, ನನ್ನ ರುಮಾಲಿನಲ್ಲಿ ಸೋಸಿ ರೇಡಿಯೇಟರಿಗೆ ಹೊಯ್ದ.

“ಎಲಿ ಬಾಡ್ತಾವಲ್ಲೋ ಮಿಸ್ತ್ರಿ!” ಎಂದು ಕೂಗಿದೆ.

“ಎಲಿ ಮತ್ತ ಚಿಗರತಾವ್ರಿ. ಪಿಸ್ಟನ್ ಚಿಗರಂಗಿಲ್ಲ,” ಎಂದ.

ಸಂತೆ ಮುಟ್ಟಿದಾಗ ಮೇಲಿನ ಎಲೆಗಳೆಲ್ಲ ಜೋತುಬಿದ್ದಿದ್ದವು. ಮಿಸ್ತ್ರಿ ರೇಡಿಯೇಟರಿಗೆ ನೀರು ತುಂಬಿಸಿ, ಒಂದು ಎಲೆ ಬಾಯಿಗಿಟ್ಟು ಅಗಿದು, “ಖಾರ ಇನ್ನೂ ಹಂಗ ಐತ್ರಿ. ಗಾಡಿ ಬಂದ್ ಮಾಡ್ರಿ,” ಎಂದ.

ಕಾದ ಎಂಜಿನ್ ಮತ್ತೆ ಚಾಲೂ ಆಗದಿದ್ದರೆ? ನಾನು ಕೀಲಿಗೆ ಕೈ ಹಚ್ಚಲಿಲ್ಲ. ಆ ದಿನದ ಎಲೆಯನ್ನೆಲ್ಲ ಗಡಗಡ ನಡುಗುವ ಗಾಡಿಯ ಮೇಲೆಯೇ ನಿಂತು, ಗಿರಾಕಿಗಳಿಗೆ ಕೇಳುವಂತೆ ಅರಚುತ್ತ ಮಾರಿದೆ.