ಘಾಟು ಅಂದರು

ಆ ಸಂಜೆ ನಮ್ಮ ಮನೆಯಲ್ಲಿ ಎರಡು ವಾಸನೆಗಳಿದ್ದವು. ಅಂಗಳದಲ್ಲಿ ರಾಶಿ ಹಾಕಿದ್ದ ಒಣ ಮೆಣಸಿನಕಾಯಿಯದು ಒಂದು, ಅಡುಗೆಮನೆಯಲ್ಲಿ ಕುದಿಯುತ್ತಿದ್ದ ಕಷಾಯದ್ದು ಇನ್ನೊಂದು. ಬ್ಯಾಡಗಿಯಲ್ಲಿ ಹುಟ್ಟಿದವರಿಗೆ ಮೆಣಸಿನಕಾಯಿಯ ವಾಸನೆ ವಾಸನೆಯೇ ಅಲ್ಲ. ಸುಗ್ಗಿ ಶುರುವಾಯಿತೆಂದರೆ ಅದು ಹಾಸಿಗೆಯಲ್ಲಿ, ಪಾಟಿಚೀಲದಲ್ಲಿ, ನೀರಿನ ಕೊಡಕ್ಕೆ ಕಟ್ಟಿದ ಬಟ್ಟೆಯಲ್ಲಿ ಎಲ್ಲ ಕಡೆ ಇರುತ್ತದೆ. ಕಾಯಿ ಖಾಲಿಯಾಗಿ ಅಂಗಳ ಸಾರಿಸಿದ ಮೇಲೆಯೇ ಇಷ್ಟು ದಿನ ಅದು ಇತ್ತೆಂದು ತಿಳಿಯುವುದು. ಕಷಾಯದ ವಾಸನೆ ಹಾಗಲ್ಲ. ಹುರಿದ ಹವೀಜ, ಎಂದರೆ ಕೊತ್ತಂಬರಿ ಬೀಜ, ಜೀರಿಗೆ, ಜಜ್ಜಿದ ಒಣಶುಂಠಿ, ಕಾಳುಮೆಣಸು, ಕೊನೆಗೆ ಬೆಲ್ಲದ ಹೆಂಟೆ ಬಿದ್ದಾಗ ಏಳುವ ಬಿಸಿ ಸಿಹಿ. ಅದು ಪಡಸಾಲೆಯವರೆಗೆ ಬಂತೆಂದರೆ ದೊಡ್ಡವ್ವ ಇನ್ನೇನು ಕೂಗುತ್ತಾಳೆ ಎಂದು ಅರ್ಥ. ಕೂಗಿದಳು. "ಬರ್ರೆಲೇ, ಕುಡದು ಹೋಗ್ರಿ. ಮೂಗು ಮುಚಗೊಂಡು ಕುಡಿಯಾವರಿಗೆ ನಾಳೆ ಬೆಲ್ಲಾ ಹಾಕೂದಿಲ್ಲ." ನಾವು ಮಕ್ಕಳು ಮೂಗು ಮುಚ್ಚಿಕೊಂಡೇ ಕುಡಿದೆವು. ದಲಾಲಿ ಅಂಗಡಿಯಿಂದ ಬಂದ ಅಪ್ಪ ಮತ್ತು ದೊಡ್ಡಪ್ಪ ನಿಂತಲ್ಲೇ ಕುಡಿದರು. ಅಪ್ಪನ ಅವ್ವ, ನಮ್ಮ ಆಯಿ, ತನ್ನ ಮಂಚದ ಮೇಲೆ ಕುಳಿತು, ಶುಂಠಿ ಕಡಿಮೆಯಾಗಿದೆ ಎಂದು ಹೆಸರಿಟ್ಟು, ಎರಡು ಸಲ ಹಾಕಿಸಿಕೊಂಡು ಕುಡಿದಳು. ಮನೆಯವರೆಲ್ಲ ನೆಟ್ಟಗಿದ್ದ ಕೊನೆಯ ಸಂಜೆ ಅದು.

ದೊಡ್ಡವ್ವನ ಹೆಸರು ನೀಲವ್ವ. ದೊಡ್ಡಪ್ಪನ ಹೆಂಡತಿ, ಆ ಮನೆಯ ಹಿರಿಯ ಸೊಸೆ, ಮೇಡ್ಲೇರಿಯಿಂದ ಬಂದವಳು. ತುಂಗಭದ್ರೆಯ ನೀರು ಉಣ್ಣುವ ಹೊಲಗಳ ನಡುವೆ ಬೆಳೆದ ಹುಡುಗಿಗೆ ನಮ್ಮ ಅಂಗಳದ ಧೂಳು ಮೊದಲ ವರ್ಷ ತಡೆಯಲಿಲ್ಲವಂತೆ. ನಮ್ಮ ಊರಿನ ಕಾಯಿಗೆ ಬಣ್ಣ ಹೆಚ್ಚು, ಖಾರ ಕಡಿಮೆ ಎಂದು ಹೊರಗಿನವರು ಹೇಳುತ್ತಾರೆ. ಅವರು ರಾಶಿಯ ಮುಂದೆ ದಿನವಿಡೀ ಕುಳಿತು ತೊಟ್ಟು ಬಿಡಿಸಿದವರಲ್ಲ. ಮದುವೆಯಾಗಿ ಬಂದ ಆ ಸುಗ್ಗಿಯಲ್ಲಿ ಅವಳು ಕೆಮ್ಮಿ ಕೆಮ್ಮಿ ಕಣ್ಣೀರು ಹಾಕಿದಾಗ ಆಯಿ, "ಘಾಟವ್ವಾ, ಒಗ್ಗತೈತಿ" ಎಂದು ನಕ್ಕಿದ್ದಳಂತೆ. ಒಗ್ಗಿತು. ಇದನ್ನು ದೊಡ್ಡವ್ವನೇ ನಮಗೆ ಹೇಳಿ ನಗುತ್ತಿದ್ದಳು. ನನಗೆ ಬುದ್ಧಿ ಬಂದಾಗಿನಿಂದ ಅವಳು ಮೆಣಸಿನಕಾಯಿಯ ಮುಂದೆ ಕೆಮ್ಮಿದ್ದನ್ನು ನಾನು ನೋಡಿಲ್ಲ. ಪಕ್ಕದ ಓಣಿಯ ಹೆಂಗಸರು ಸೆರಗು ಬಾಯಿಗೆ ಒತ್ತಿಕೊಂಡು ತೊಟ್ಟು ಬಿಡಿಸುವಾಗ ಇವಳು ಮಾತಾಡುತ್ತ, ಯಾರದೋ ಮದುವೆಯ ಊಟದ ಕುಂದು ಎಣಿಸುತ್ತ, ರಾಶಿಯ ಅಂಚಿನಲ್ಲಿ ಆರಾಮಾಗಿ ಕುಳಿತಿರುತ್ತಿದ್ದಳು. ಈ ಒಂದು ಮಾತನ್ನು ನೀವು ನೆನಪಿನಲ್ಲಿಡಬೇಕು. ನಮ್ಮ ಮನೆಯವರು ಇಡಲಿಲ್ಲ.

ಚಳಿ ಹಿಂದೆ ಸರಿದು ಬಿಸಿಲು ಚುರುಕಾಗುವ ಹೊತ್ತಿಗೆ ಊರಿನಲ್ಲಿ ನೆಗಡಿ ಜ್ವರ ಬರುತ್ತಿತ್ತು. ಸುಗ್ಗಿಯೂ ಅದೇ ಹೊತ್ತಿಗೆ. ದೊಡ್ಡವ್ವನಿಗೆ ಅದಕ್ಕೆ ತನ್ನದೇ ಕಟ್ಟಳೆಗಳಿದ್ದವು. ಶಾಲೆಯಿಂದ ಬಂದವರು ನೇರ ಬಚ್ಚಲಿಗೆ. ಕೈಗೆ ಮೊದಲು ಎಣ್ಣೆ, ಮೇಲೆ ಕಡಲೆ ಹಿಟ್ಟು, ಆಮೇಲೆ ನೀರು. "ಕೈ ತೊಳಕೊಂಡೀಯೇನ? ತೊಳಿಯೂಮಟ ಮಾರಿ ಮುಟಗೋಬ್ಯಾಡ" ಎಂಬುದು ನಾನು ಆ ಮನೆಯಲ್ಲಿ ಅತಿ ಹೆಚ್ಚು ಕೇಳಿದ ಮಾತು. ಮೆಣಸಿನಕಾಯಿಯ ಊರಿನಲ್ಲಿ ಇದನ್ನು ಮಕ್ಕಳಿಗೆ ಎರಡನೇ ಸಲ ಹೇಳಬೇಕಾಗಿಲ್ಲ. ತೊಳೆಯದ ಕೈ ಕಣ್ಣಿಗೆ ಹೋದರೆ ಕಣ್ಣೇ ಪಾಠ ಹೇಳುತ್ತದೆ. ಎಷ್ಟೋ ವರ್ಷಗಳ ಮೇಲೆ ದೊಡ್ಡ ರೋಗ ಬಂದು, ಕೈ ತೊಳೆಯಿರಿ, ಮುಖ ಮುಟ್ಟಬೇಡಿ ಎಂದು ಫೋನಿನಲ್ಲೆಲ್ಲ ಹೇಳತೊಡಗಿದಾಗ ನನಗೆ ಅವಳ ದನಿಯೇ ಕೇಳಿದಂತಾಗುತ್ತಿತ್ತು. ರಾತ್ರಿ ಊಟಕ್ಕೆ ಬಿಸಿ ರೊಟ್ಟಿ, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟ ಹುರುಳಿಯ ಸಾರು. ಜ್ವರ ಬಂದವರಿಗೆ ನಡುಮನೆಯ ಕಿಟಕಿಯ ಪಕ್ಕದ ಹಾಸಿಗೆ, ಅವರದೇ ಲೋಟ, ಅವರದೇ ತಾಟು, ಸಾಕೆನಿಸುವಷ್ಟು ಗಂಜಿ, ಸಾಕೆನಿಸುವಷ್ಟು ನಿದ್ದೆ. ಎಬ್ಬಿಸಲು ಹೋದವರಿಗೆ ಬೈಗುಳ. ಎಲ್ಲರ ಹಣೆಯನ್ನೂ ಅವಳು ಅಂಗೈ ಮಗುಚಿ, ಕೈಯ ಹಿಂಬದಿಯಿಂದ ಮುಟ್ಟಿ ನೋಡುತ್ತಿದ್ದಳು. ಖಾರ ಹಿಡಿದ ಅಂಗೈ ಎಷ್ಟು ತೊಳೆದರೂ ಬಿಸಿಯಾಗಿಯೇ ಇರುತ್ತದೆ, ಅದಕ್ಕೆ ಜ್ವರ ತಿಳಿಯುವುದಿಲ್ಲ ಎನ್ನುತ್ತಿದ್ದಳು.

ಮರುದಿನ ನನ್ನ ತಮ್ಮ ಈರಣ್ಣ ಶಾಲೆಯಿಂದ ಬಂದವನು ಪಾಟಿಚೀಲ ಬಿಚ್ಚದೆ ಕಟ್ಟೆಯ ಮೇಲೆ ಮಲಗಿಬಿಟ್ಟ. ಅವನ ಹಿಂದೆ ನಾನು, ನನ್ನ ಹಿಂದೆ ಅವ್ವ, ಆಮೇಲೆ ದೊಡ್ಡವ್ವನ ಮಗ ಬಸಣ್ಣ, ಕಡೆಗೆ ಆಯಿ. ನಡುಮನೆ ತುಂಬಿ ಹೋಯಿತು. ಅವ್ವ ಮಲಗಿದ್ದರಿಂದ ಅಡುಗೆ, ನೀರು, ಬಟ್ಟೆ, ಅಂಗಳದಲ್ಲಿ ತೊಟ್ಟು ಬಿಡಿಸುವ ಹೆಂಗಸರ ಮೇಲ್ವಿಚಾರಣೆ ಎಲ್ಲ ಒಬ್ಬಳ ಮೇಲೆ ಬಿತ್ತು. ಜ್ವರದ ಮಂಪರಿನಲ್ಲಿ ನನಗೆ ನೆನಪಿರುವುದು ಅವಳ ಕೈಯ ಹಿಂಬದಿ ಮಾತ್ರ: ತಣ್ಣಗೆ, ಗಂಟುಗಂಟಾಗಿ, ಹಣೆಗೆ ತಾಗಿ ಹೋಗುವುದು. ಒಬ್ಬೊಬ್ಬರಾಗಿ ಎದ್ದೆವು. ಆಯಿ ಎದ್ದು ತನ್ನ ಮಂಚಕ್ಕೆ ಹೋದ ದಿನವೇ ದೊಡ್ಡವ್ವ ಅಡುಗೆಮನೆಯಲ್ಲಿ ಕೆಮ್ಮಿದಳು.

ದೊಡ್ಡಪ್ಪ ಊಟಕ್ಕೆ ಕುಳಿತಿದ್ದರು. ತಲೆ ಎತ್ತದೆ, "ಘಾಟು" ಅಂದರು. ಅಷ್ಟೇ. ಯಾವ ದುರುದ್ದೇಶವೂ ಇರಲಿಲ್ಲ. ಬ್ಯಾಡಗಿಯಲ್ಲಿ ಸುಗ್ಗಿಯ ದಿನ ಕೆಮ್ಮಿದವರನ್ನು ಯಾರೂ ತಿರುಗಿ ನೋಡುವುದಿಲ್ಲ. ಆದರೆ ನಾವೆಲ್ಲ ಕೆಮ್ಮಿದಾಗ ಅವಳು ತಿರುಗಿ ನೋಡಿದ್ದಳಲ್ಲ? ನಮ್ಮ ಕೆಮ್ಮು ಜ್ವರದ್ದು, ಅವಳ ಕೆಮ್ಮು ಮೆಣಸಿನಕಾಯಿಯದು ಎಂದು ಯಾರು ಹಂಚಿಕೊಟ್ಟರು? ಅದೇ ಮನೆ, ಅದೇ ಅಂಗಳ, ಅದೇ ಧೂಳು. ಇದನ್ನು ಬರೆಯುವಾಗ ಈಗಲೂ ನನ್ನ ಮೈ ಉರಿಯುತ್ತದೆ.

ಅದೇ ವಾರ ರಾಣೆಬೆನ್ನೂರಿನಲ್ಲಿ ನಮ್ಮ ಅತ್ತೆಯ, ಎಂದರೆ ಅಪ್ಪನ ತಂಗಿಯ, ಮಗುವಿಗೆ ತೊಟ್ಟಿಲ ಕಾರ್ಯವಿತ್ತು. ಹೋಗದಿದ್ದರೆ ಮನೆಯ ಮಗಳು ಮುನಿಯುತ್ತಾಳೆ, ಹಿರಿಯ ಸೊಸೆಯಂತೂ ಬರಲೇಬೇಕು ಎಂದು ಆಯಿ ಹಟ ಹಿಡಿದಳು. ಪ್ಯಾಸೆಂಜರ್ ರೈಲಿನಲ್ಲಿ ಹೊರಟೆವು. ಕಿಟಕಿಯ ಪಕ್ಕ ಕುಳಿತ ದೊಡ್ಡವ್ವನ ಕೆಮ್ಮು ನಿಲ್ಲಲಿಲ್ಲ. ಎದುರಿಗಿದ್ದ ಯಾರೋ ಯಜಮಾನರು ನಗುತ್ತ, "ಬ್ಯಾಡಗಿಯವರೇನ್ರಿ ಅಕ್ಕಾರ? ಘಾಟು ಜೋಡಿ ಕರಕೊಂಡು ಬಂದೀರಿ ನೋಡ್ರಿ" ಅಂದರು. ದೊಡ್ಡವ್ವ ಸೆರಗಿನಿಂದ ಬಾಯಿ ಒರೆಸಿಕೊಂಡು, "ಸಾವಕಾಶ ಮಾತಾಡ್ರಿ ಅಣ್ಣಾರ, ಅದಕ್ಕ ಟಿಕೀಟು ತಗಸಿಲ್ಲ" ಅಂದಳು. ಬೋಗಿಯೇ ನಕ್ಕಿತು. ನಾನೂ ನಕ್ಕೆ. ಕಿಟಕಿಯಾಚೆ ಮೆಣಸಿನಕಾಯಿಯ ಒಂದು ಚೂರೂ ಇರಲಿಲ್ಲ, ಕೆಮ್ಮು ಮಾತ್ರ ನಮ್ಮ ಜೊತೆಗೇ ಬರುತ್ತಿತ್ತು. ಸೀರೆಯಲ್ಲಿ ಘಾಟು ಕುಳಿತಿರುತ್ತದೆ, ದೂರ ಹೋದರೂ ಬಿಡುವುದಿಲ್ಲ ಎಂದು ಆಯಿ ಪಕ್ಕದ ಹೆಂಗಸಿಗೆ ತಿಳಿಸಿ ಹೇಳುತ್ತಿದ್ದಳು.

ಅತ್ತೆಯ ಮನೆಯಲ್ಲಿ ಮಗುವನ್ನು ಒಬ್ಬರ ತೊಡೆಯಿಂದ ಒಬ್ಬರ ತೊಡೆಗೆ ಕೊಡುತ್ತಿದ್ದರು. ದೊಡ್ಡವ್ವನ ಸರದಿ ಬಂದಾಗ ಅವಳು ಎದ್ದು ಬಾಗಿಲ ಹತ್ತಿರ ಹೋಗಿ ನಿಂತಳು. ಸೆರಗು ಬಾಯಿಯ ಮೇಲಿತ್ತು. ಅತ್ತೆಯ ಮುಖ ಸಣ್ಣದಾಯಿತು. "ಯಾಕ ವೈನಿ, ನನ್ನ ಕೂಸಿನ್ನ ಎತಗೊಳ್ಳಾಕ ಮನಸಿಲ್ಲೇನ?"

"ಹಂಗಲ್ಲವ್ವಾ. ನನಗ ನೆಟ್ಟಗಿಲ್ಲ. ಕೂಸಿಗೆ ಹತ್ತತೈತಿ."

"ಘಾಟು ಯಾರಿಗೂ ಹತ್ತೂದಿಲ್ಲ" ಎಂದಳು ಆಯಿ, ಎಲ್ಲರಿಗೂ ಕೇಳುವಂತೆ. "ಎತಗೋ. ನಾಲ್ಕು ಮಂದ್ಯಾಗ ನಾಟಕಾ ಮಾಡಬ್ಯಾಡ."

ದೊಡ್ಡವ್ವ ಎತ್ತಿಕೊಳ್ಳಲಿಲ್ಲ. ಅವಳು ಆಯಿಯ ಮಾತನ್ನು ಮೀರಿದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಊಟವನ್ನೂ ಹಿತ್ತಲ ಕಟ್ಟೆಯ ಮೇಲೆ ಒಬ್ಬಳೇ ಕುಳಿತು ಮಾಡಿದಳು. ಅದನ್ನೂ ಜನ ಸಿಟ್ಟು ಎಂದರು, ಸೊಕ್ಕು ಎಂದರು. ಈಗ ಯೋಚಿಸಿದರೆ ಆ ಮನೆಯಲ್ಲಿ ತುಂಬಿದ್ದ ಅಷ್ಟೂ ಜನರಲ್ಲಿ ಸರಿಯಾಗಿ ನಡೆದುಕೊಂಡವಳು ಅವಳೊಬ್ಬಳೇ. ತನಗೆ ಏನಾಗಿದೆ ಎಂದು ಅವಳಿಗೆ ಗೊತ್ತಿತ್ತು. ಬಾಯಿ ಬಿಟ್ಟು ಹೇಳಿದಳು ಕೂಡ. ಇದಕ್ಕಿಂತ ಬಿಡಿಸಿ ಒಬ್ಬ ಹೆಂಗಸು ಹೇಗೆ ಹೇಳಬೇಕು? ಮರಳುವಾಗ ರೈಲಿನಲ್ಲಿ ಬ್ಯಾಡಗಿ ಬರುವವರೆಗೂ ಆಯಿ ಅವಳನ್ನು ಬೈಯುತ್ತಲೇ ಇದ್ದಳು, ಅವಳು ಕಿಟಕಿಯ ಸರಳಿಗೆ ತಲೆಯಾನಿಸಿ ಕಣ್ಣು ಮುಚ್ಚಿಕೊಂಡಿದ್ದಳು. ಆ ತಲೆ ಎಷ್ಟು ಸುಡುತ್ತಿತ್ತೋ, ಸರಳಿಗೆ ಮಾತ್ರ ಗೊತ್ತು.

ಊರಿಗೆ ಬಂದ ಮೇಲೂ ಒಲೆ ಹೊತ್ತುತ್ತಿತ್ತು, ರೊಟ್ಟಿ ಬಡಿಯುವ ಸದ್ದು ಬರುತ್ತಿತ್ತು, ಸಂಜೆಗೆ ಕಷಾಯವೂ ಬರುತ್ತಿತ್ತು. ನಡುನಡುವೆ ಅವಳು ಗೋಡೆ ಹಿಡಿದು ನಿಲ್ಲುತ್ತಿದ್ದಳು. ಅವ್ವ ಒಮ್ಮೆ, "ಅಕ್ಕಾ, ನೀವು ತಟಗ ಅಡ್ಡಾಗ್ರಿ, ನಾ ಮಾಡ್ತೇನಿ" ಅಂದಳು. ಮಂಚದ ಮೇಲಿಂದ ಆಯಿ, "ಈಗ ಎದ್ದಾಕಿ ನೀನು ಮತ್ತ ಬಿದ್ದಗಿದ್ದೀ. ಸುಗ್ಗಿಯೊಳಗ ಎಲ್ಲಾರೂ ಮಲಕೊಂಡ್ರ ಕಾಯಿ ಯಾರು ಬಿಡಸಾವ್ರು?" ಅಂದಳು. ನಡುಮನೆಯ ಹಾಸಿಗೆ ಖಾಲಿಯೇ ಇತ್ತು. ಕಿಟಕಿಯ ಪಕ್ಕ, ಒಗೆದ ಹೊದಿಕೆ ಮಡಚಿ ಇಟ್ಟಿತ್ತು. ಅದನ್ನು ಒಗೆದು ಮಡಚಿಟ್ಟವಳೂ ಅವಳೇ.

ಒಂದು ಬೆಳಿಗ್ಗೆ ಆಯಿ ಮಂಚದಿಂದ ಕೂಗಿದಳು. "ಚಹಾ ಎಲ್ಲೈತಿ? ಇನ್ನೂ ಒಲಿ ಹಚ್ಚಿಲ್ಲೇನ?" ನಮ್ಮ ಮನೆಗೆ ದೊಡ್ಡವ್ವನ ಕಾಯಿಲೆ ತಿಳಿದದ್ದು ಹೀಗೆ. ಕೆಮ್ಮಿನಿಂದಲ್ಲ, ಮುಖದಿಂದಲ್ಲ, ಚಹಾ ಬಾರದೆ ಇದ್ದದ್ದರಿಂದ. ಅವಳು ಒಲೆಯ ಮುಂದೆ ಕಟ್ಟಿಗೆಯ ಪಕ್ಕ ಕುಳಿತಿದ್ದಳು. ಉಸಿರು ಎಳೆದುಕೊಳ್ಳುವಾಗ ಭುಜಗಳೆರಡೂ ಮೇಲೇಳುತ್ತಿದ್ದವು, ತುಟಿಗಳ ಬಣ್ಣ ಬದಲಾಗಿತ್ತು. ಯಾರದೋ ಜೀಪು ತಂದರು. ಹಾವೇರಿಯ ಆಸ್ಪತ್ರೆಯಲ್ಲಿ ಡಾಕ್ಟರು, ಜ್ವರ ಯಾವಾಗಿನಿಂದ ಇದೆ ಎಂದು ಕೇಳಿದರಂತೆ. ದೊಡ್ಡಪ್ಪ ಅಪ್ಪನ ಮುಖ ನೋಡಿದರು, ಅಪ್ಪ ದೊಡ್ಡಪ್ಪನ ಮುಖ ನೋಡಿದರು. ಇಬ್ಬರಿಗೂ ಗೊತ್ತಿರಲಿಲ್ಲ. ಗೊತ್ತಾಗಬೇಕಾದರೆ ಯಾರಾದರೂ ಒಮ್ಮೆ ಹಣೆ ಮುಟ್ಟಿರಬೇಕಿತ್ತು. ಇದನ್ನು ಅಪ್ಪ ಅವ್ವನ ಮುಂದೆ ಹೇಳಿ ಅತ್ತಾಗ ನಾನು ಬಾಗಿಲ ಹಿಂದೆ ಇದ್ದೆ. ಜ್ವರ ಎದೆಗೆ ಇಳಿದಿದೆ, ಬಹಳ ತಡ ಮಾಡಿದಿರಿ ಎಂದರಂತೆ ಡಾಕ್ಟರು. ದೊಡ್ಡವ್ವ ಹಾವೇರಿಯಿಂದ ಉಸಿರಿನೊಂದಿಗೆ ಮರಳಲಿಲ್ಲ. ಮಣ್ಣಿಗೆ ಬಂದವರೆಲ್ಲ ಅಂಗಳದ ರಾಶಿಯ ಪಕ್ಕ ನಿಂತು ಕೆಮ್ಮುತ್ತ, "ಘಾಟು ಎದಿಗೆ ಏರಿತ್ತಂತ" ಎಂದು ಮಾತಾಡಿಕೊಂಡರು. ಮೇಡ್ಲೇರಿಯಿಂದ ಬಂದ ಅವಳ ಅಣ್ಣನಿಗೂ ಅದನ್ನೇ ಹೇಳಿದರು. ಅವನು ಹತ್ತಿರದ ರಾಶಿಯಿಂದ ಒಂದು ಕಾಯಿ ಎತ್ತಿ ನೋಡಿ, ತಿರುಗಿ ಅಲ್ಲೇ ಹಾಕಿದ.

ಆ ಮನೆ ಈಗಿಲ್ಲ. ಆಯಿ ತೀರಿಕೊಂಡ ಮೇಲೆ ಅಣ್ಣತಮ್ಮಂದಿರು ಬೇರೆಯಾದರು, ಮನೆ ಕೆಡವಿದರು. ಅಂಗಳವಿದ್ದಲ್ಲಿ ಯಾರದೋ ಗೋದಾಮು ನಿಂತಿದೆ. ನಾನು ಮದುವೆಯಾಗಿ ಹಾವೇರಿಯಲ್ಲಿದ್ದೇನೆ. ಇತ್ತೀಚೆಗೆ ನಮ್ಮ ಓಣಿಗೆ ಆರೋಗ್ಯದ ಬಗ್ಗೆ ತಿಳಿಸಿ ಹೇಳಲು ನರ್ಸಮ್ಮ ಒಬ್ಬರು ಬಂದಿದ್ದರು. ಚೆನ್ನಾಗಿಯೇ ಹೇಳಿದರು. ಕೈ ತೊಳೆಯಿರಿ, ಬಿಸಿಯಾದದ್ದನ್ನು ಉಣ್ಣಿ, ನಿದ್ದೆಗೆಡಬೇಡಿ, ವಯಸ್ಸಾದವರಿಗೆ, ಸಕ್ಕರೆ ಕಾಯಿಲೆಯವರಿಗೆ ಡಾಕ್ಟರನ್ನು ಕೇಳಿ ಜ್ವರ ತಡೆಯುವ ಸೂಜಿ ಹಾಕಿಸಿ, ಉಸಿರು ಕಟ್ಟಿದರೆ ಕಾಯಬೇಡಿ, ಜ್ವರ ಬಂದವರು ವಿಶ್ರಾಂತಿ ತೆಗೆದುಕೊಳ್ಳಿ. ಎಲ್ಲ ಸರಿ. ಕೊನೆಯ ಮಾತಿಗೆ ನನಗೆ ಸಿಟ್ಟು ಬಂತು. ಕೇಳುತ್ತ ಕುಳಿತವರೆಲ್ಲ ಹೆಂಗಸರು. ಮನೆಗೆ ಹೋಗಿ ಅವರು ಯಾರಿಂದ ತೆಗೆದುಕೊಳ್ಳಬೇಕು ವಿಶ್ರಾಂತಿಯನ್ನು? ಆ ಮಾತನ್ನು ಕೇಳಬೇಕಾದವರು ಆ ಹೊತ್ತಿಗೆ ಅಂಗಡಿಯಲ್ಲಿದ್ದರು, ಕಚೇರಿಯಲ್ಲಿದ್ದರು, ಅವರಿಗೆ ಯಾರೂ ಸಭೆ ಕರೆಯುವುದಿಲ್ಲ. ಬಸಣ್ಣ ಈಗ ಚಳಿ ಬಂತೆಂದರೆ ಬಂಧುಗಳ ಗುಂಪಿಗೆಲ್ಲ 'ನಮ್ಮವ್ವನ ಕಷಾಯ' ಎಂದು ಮಾಡುವ ಬಗೆ ಬರೆದು ಕಳಿಸುತ್ತಾನೆ, ರೋಗ ತಡೆಯುವ ಶಕ್ತಿ ಹೆಚ್ಚಿಸುತ್ತದೆ ಎಂದು. ಎಲ್ಲರೂ ಕೈಮುಗಿಯುವ ಚಿತ್ರ ಹಾಕುತ್ತಾರೆ. ಅವಳು ಅದನ್ನು ತಾನು ಕುಡಿಯುತ್ತಿದ್ದಳೋ ಇಲ್ಲವೋ ಎಂದು ಒಬ್ಬರೂ ಕೇಳಿಲ್ಲ. ಆಯಿಗೆ ಎರಡು ಸಲ ಹಾಕಿದ ಮೇಲೆ ಪಾತ್ರೆಯ ತಳದಲ್ಲಿ ಉಳಿಯುತ್ತಿದ್ದದ್ದು ಬರೀ ಗಸಿ.

ಈ ಸುಗ್ಗಿಯಲ್ಲಿ ಬ್ಯಾಡಗಿಗೆ, ದೊಡ್ಡಪ್ಪನ ಮನೆಗೆ ಹೋಗಿದ್ದೆ. ದೊಡ್ಡಪ್ಪ ಮುದುಕರಾಗಿದ್ದಾರೆ, ಕುರ್ಚಿ ಬಿಟ್ಟು ಏಳುವುದು ಕಡಿಮೆ. ಮಾತಾಡುತ್ತಿರುವಾಗ ಒಳಗಿನಿಂದ ಬಸಣ್ಣನ ಹೆಂಡತಿ ಕೆಮ್ಮುವುದು ಕೇಳಿತು. ಒಂದು ಸಲ, ಮತ್ತೊಂದು ಸಲ. ದೊಡ್ಡಪ್ಪನ ಈ ಮನೆಯಲ್ಲಿ ರಾಶಿಯೇ ಇಲ್ಲ, ಕಾಯಿಯೆಲ್ಲ ಗೋದಾಮಿಗೆ ಹೋಗುತ್ತದೆ. ಆದರೂ ದೊಡ್ಡಪ್ಪ, "ಘಾಟು" ಅಂದರು, ಅಂದು ಊಟಕ್ಕೆ ಕುಳಿತಾಗ ಅಂದ ಹಾಗೆಯೇ. ನಾನು ಎದ್ದು ಒಳಗೆ ಹೋದೆ. ಅವಳ ಹಣೆಗೆ ಕೈಯ ಹಿಂಬದಿ ಇಟ್ಟೆ. ಸುಡುತ್ತಿತ್ತು. ಅವಳ ಕೈಯಿಂದ ಸೌಟು ಇಸಿದುಕೊಂಡು ಹಾಸಿಗೆಗೆ ಕಳಿಸಿ ಹೊರಗೆ ಬಂದೆ.

"ದೊಡ್ಡಪ್ಪಾ, ಘಾಟಲ್ಲ. ಜ್ವರ ಬಂದೈತಿ. ಬಸಣ್ಣಗ ಫೋನ್ ಹಚ್ಚರಿ, ದವಾಖಾನಿಗೆ ಕರಕೊಂಡು ಹೋಗಲಿ."

ಅವರು ಫೋನು ಹಚ್ಚಿದರು. ಅಷ್ಟು ಮಾಡಿದರು. ಆಮೇಲೆ ಬಾಗಿಲ ಕಡೆ ತಿರುಗಿದರು. ನಾನು ಕಾಯುತ್ತಿದ್ದೆ. ಏನಕ್ಕೆ ಎಂದು ಅವರಿಗೂ ತಿಳಿದಿತ್ತು ಅನ್ನಿಸುತ್ತದೆ. ಕೊನೆಗೆ ಬಾಯಿ ತೆರೆದರು. "ನಿಮ್ಮ ದೊಡ್ಡವ್ವಗೂ ಹಿಂಗ ಆಗಿತ್ತು ನೋಡವ್ವಾ. ಆ ಸಲದ ಘಾಟು ಬಾಳ ಇತ್ತು."

ನಾನು ಒಳಗೆ ಹೋಗಿ ಒಲೆಯ ಮೇಲಿದ್ದದ್ದನ್ನು ಇಳಿಸಿದೆ. ಬಸಣ್ಣನ ಹೆಂಡತಿ ಒಂದು ವಾರದಲ್ಲಿ ಎದ್ದಳು. ದೊಡ್ಡವ್ವನಿಗೆ ಜ್ವರ ಬಂದಿತ್ತು ಎಂಬ ಮಾತನ್ನು ನಮ್ಮ ಮನೆಯಲ್ಲಿ ನಾಲ್ಕು ಜನರ ಮುಂದೆ ಇನ್ನೂ ಯಾರೂ ಆಡಿಲ್ಲ.