ಅವನ ತೊಡೆಯ ಮೇಲೆ ನನ್ನ ಬ್ಯಾಗು

"ಕೊಡಿ ಅಕ್ಕ, ಬ್ಯಾಗ್ ನಾನ್ ಇಟ್ಕತೀನಿ" ಎಂದು ಸೀಟಿನಲ್ಲಿದ್ದ ಇಸ್ತ್ರಿ ಅಂಗಿಯ ಗಂಡಸು ಕೈ ಚಾಚಿದ. ಚನ್ನರಾಯಪಟ್ಟಣದಿಂದ ನುಗ್ಗೇಹಳ್ಳಿಗೆ ಹೊರಟ ಬಸ್ಸು ಕಿಕ್ಕಿರಿದಿತ್ತು. ನಿಂತವರ ಚೀಲವನ್ನು ಕೂತವರು ಇಟ್ಟುಕೊಳ್ಳುವುದು ನಮ್ಮ ಕಡೆ ಮಾಮೂಲು. ಕೊಟ್ಟು, ಪಕ್ಕದಲ್ಲೇ ಕಂಬಿ ಹಿಡಿದು ನಿಂತೆ.

ಅವನು ಆ ಬ್ಯಾಗಿನ ಮೇಲೆಯೇ ಮೊಬೈಲ್ ಆನಿಸಿಕೊಂಡು ಟೈಪ್ ಮಾಡತೊಡಗಿದ. ನನ್ನ ಕಣ್ಣು ತಾನಾಗಿ ಅತ್ತ ಹೋಯಿತು. ನಮ್ಮೂರಿನ ಫೇಸ್‌ಬುಕ್ ಗುಂಪು. ಬೀದಿನಾಯಿಗಳಿಗೆ ವಿಷ ಇಡಬೇಡಿ ಎಂದು ಬೆಳಿಗ್ಗೆ ನಾನು ಬರೆದಿದ್ದ ಮಾತು, ನನ್ನ ಹೆಸರು, ಮುಖದ ಬದಲು ನಾನು ಹಾಕಿಕೊಂಡಿದ್ದ ದಾಸವಾಳದ ಚಿತ್ರ. ಅದರ ಕೆಳಗೆ ಅವನು ಬರೆಯುತ್ತಿದ್ದ: 'ನಿನ್ ಮನೆ ಎಲ್ಲೈತೆ ಅಂತ ಗೊತ್ತು ಕಣೇ. ನಾಯಿಗಿಂತ ಮುಂಚೆ ನಿಂಗೇ ಹಾಕ್ತೀವಿ.'

ಕಳಿಸಿದ. ಮರುಕ್ಷಣವೇ ಅವನ ತೊಡೆಯ ಮೇಲಿದ್ದ ಬ್ಯಾಗಿನೊಳಗೆ ನನ್ನ ಮೊಬೈಲ್ ಗುಂಯ್ ಎಂದು ಅದುರಿತು.

ಅವನು ತಲೆಯೆತ್ತಿ ನಕ್ಕ. "ಅಕ್ಕ, ನಿಮ್ ಫೋನು. ಜಿಪ್ ತೆಗ್ದು ಕೊಡ್ಲಾ?"

"ಬ್ಯಾಡಪ್ಪ" ಎಂದೆ. ಬ್ಯಾಗು ಕಿತ್ತುಕೊಂಡು, ಮುಂದಿನ ಸ್ಟಾಪು ಯಾವುದೆಂದೂ ನೋಡದೆ ಇಳಿದುಬಿಟ್ಟೆ. "ನಿಧಾನ ಅಕ್ಕ, ಉಷಾರು!" ಎಂದು ಹಿಂದಿನಿಂದ ಅವನೇ ಕೂಗಿದ.

ಈಗಲೂ ಅದೇ ಬಸ್ಸಿನಲ್ಲಿ ಓಡಾಡುತ್ತೇನೆ. ಎಷ್ಟೇ ನೂಕುನುಗ್ಗಲಿದ್ದರೂ ಬ್ಯಾಗು ಯಾರಿಗೂ ಕೊಡುವುದಿಲ್ಲ. ಯಾರಾದರೂ ನಗುತ್ತ ಕೈ ಚಾಚಿದರೆ, ಅವರ ಇನ್ನೊಂದು ಕೈಯಲ್ಲಿ ಏನಿದೆ ಎಂದು ನೋಡುತ್ತೇನೆ.